ಬರಲ್ಲ ಅಂದವರ ಪಟ್ಟಿ

ಡಿಗ್ರಿ ಮುಗಿಸಿದ ವರ್ಷವೇ ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ನನಗೆ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿಯ ಆಸುಪಾಸು. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಕಂಪನಿ ಆಗಷ್ಟೇ ತರಬೇತಿ ವಿಭಾಗ ಶುರುಮಾಡಿತ್ತು. ವಿಭಾಗವೆಂದರೆ ಮ್ಯಾನೇಜರು ಮತ್ತು ನಾನು.

ಯಾರಿಗೆ ಯಾವ ಮಷೀನು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಹೊಲಿಯುವವರನ್ನೆಲ್ಲ ಕೇಳಿ ಫಾರಂ ತುಂಬುವುದು ನನ್ನ ಕೆಲಸ. ತರಬೇತಿ ಕೋಣೆಗೆ ಆರು ಹೊಸ ಮಷೀನು ಬಂದಿದ್ದವು. ಅವುಗಳ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ತೆಗೆದಿರಲಿಲ್ಲ.

ಹಳ್ಳಿಮೈಸೂರಿನಿಂದ ಬರುತ್ತಿದ್ದ ಹೆಂಗಸೊಬ್ಬರು ಪೆನ್ನನ್ನೇ ನೋಡುತ್ತಾ ಕೇಳಿದರು: "ಬರಾಕಿಲ್ಲ ಅಂತ ಬರ್ಸುದ್ರೆ ಏನೂ ತೊಂದ್ರೆ ಆಗಾಕಿಲ್ವ ಮೇಡಂ?"

"ಏನೂ ಆಗಲ್ಲ ಅಕ್ಕ. ಗೊತ್ತಿಲ್ಲದ್ದನ್ನ ಕಲಿಸೋಕೇ ಕೇಳ್ತಿರೋದು."

"ಅಂಗಾರೆ ಬರ್ಕಳಿ. ಕಾಲರ್ ಬರಾಕಿಲ್ಲ, ಗುಂಡಿ ಕಾಜಾನೂ ಬರಾಕಿಲ್ಲ."

ಕಲಿಸುವುದಕ್ಕೇ ಎಂದು ನಾನೂ ನಂಬಿದ್ದೆ. 'ಬರಲ್ಲ' ಅಂದವರದ್ದೇ ಒಂದು ಪಟ್ಟಿ ಮಾಡಿಕೊಡಿ ಎಂದು ಮ್ಯಾನೇಜರು ಕೇಳಿದಾಗಲೂ ಅನುಮಾನ ಬರಲಿಲ್ಲ. ಆದರೆ ಆ ಶನಿವಾರ ತರಬೇತಿ ಕೋಣೆಯ ಹೊಸ ಮಷೀನುಗಳನ್ನು ಹೊದಿಕೆ ಸಮೇತ ಲಾರಿಗೆ ಏರಿಸುತ್ತಿದ್ದರು.

ಸೋಮವಾರ ಗೇಟಿನಲ್ಲಿ ವಾಚ್‌ಮನ್ ಹನ್ನೊಂದು ಜನರನ್ನು ಇನ್ನು ಕೆಲಸವಿಲ್ಲವೆಂದು ತಡೆದು ನಿಲ್ಲಿಸಿದ್ದ. ಅವನ ಕೈಯಲ್ಲಿದ್ದ ಹಾಳೆಯಲ್ಲಿ ಇದ್ದದ್ದು ನನ್ನ ಅಕ್ಷರ. ಹಳ್ಳಿಮೈಸೂರಿನ ಅಕ್ಕ ಬೈಯಲಿಲ್ಲ. ಊಟದ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು.

"ನಾಕು ದಿನ ಏಳ್ಕೊಟ್ಟಿದ್ರೆ ಕಲ್ತ್ಕತಿದ್ನಲ್ಲ ಮೇಡಂ," ಅಂದರು.

ನೇರ ಮ್ಯಾನೇಜರ ಬಳಿ ಹೋದೆ. ಅವರು ತಲೆ ಎತ್ತದೆಯೇ, "ಕಲಿಸ್ತಾ ಕೂತ್ಕೊಂಡ್ರೆ ಆರು ತಿಂಗಳು ಬೇಕು. ಕಲಿತವರೇ ಸಿಗ್ತಾರಲ್ಲ," ಎಂದು ಹೊಸ ಫಾರಂಗಳ ಕಟ್ಟನ್ನು ಮುಂದೆ ತಳ್ಳಿದರು. ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ. ತೆಗೆದುಕೊಂಡೆ.

ಈ ಸಲ ಯಾವ ಮಷೀನಿನ ಹೆಸರು ಹೇಳಿದರೂ ಎಲ್ಲರದೂ ಒಂದೇ ಉತ್ತರ: "ಬತ್ತದೆ." ಅರಕಲಗೂಡಿನ ಕಡೆಯ ಹುಡುಗಿಯೊಬ್ಬಳು ಸೇರಿ ವಾರವೂ ಆಗಿರಲಿಲ್ಲ. ಕಾಜಾ ಮಷೀನು ಯಾವುದೆಂದೇ ಅವಳಿಗೆ ತಿಳಿಯದು ಎಂದು ನನಗೆ ಗೊತ್ತಿತ್ತು. ಅವಳೂ ನನ್ನ ಮುಖ ನೋಡದೆ "ಬತ್ತದೆ" ಅಂದಳು. ಬರೆದುಕೊಂಡೆ. ಅವಳನ್ನು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಹದಿನೈದು ದಿನಕ್ಕೆ ಅವಳನ್ನು ಕಾಜಾಕ್ಕೆ ಕೂರಿಸಿದರು. ಅದೇ ಮಧ್ಯಾಹ್ನ ಸೂಜಿ ಅವಳ ತೋರುಬೆರಳಿನ ಉಗುರನ್ನು ಸೀಳಿ ಒಳಗೇ ಮುರಿಯಿತು. ಅವಳ ಕೂಗು ಕೇಳಿ ಇಡೀ ಸಾಲಿನ ಮಷೀನುಗಳು ನಿಂತವು.

ಮ್ಯಾನೇಜರು ಅವಳ ಫಾರಂ ತರಿಸಿಕೊಂಡು ಓದಿದರು.

"ಬರುತ್ತೆ ಅಂತಲೇ ಇದೆಯಲ್ಲ," ಎಂದು ಫೈಲು ಮುಚ್ಚಿದರು.