ಡ್ರ್ಯಾಗನ್ ವಿರುದ್ಧ ನನ್ನ ವಾದ

ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಹಿಟ್ಟಿನದೂ ಅಲ್ಲ, ಮದ್ದಿನದೂ ಅಲ್ಲ. ಮಣಿಪಾಲದ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿದ, ಡ್ರ್ಯಾಗನ್ ಕಥೆಗಳ ಇಂಗ್ಲಿಷ್ ಸರಣಿಯೊಂದರ ಮೂರನೆಯ ಭಾಗದ ಬೆನ್ನು ಕಿತ್ತುಹೋಗಿತ್ತು. ಕಳೆದ ತಿಂಗಳು ಅದನ್ನು ಅಂಟಿಸಲೆಂದು ಒಲೆಯ ಮೇಲೆ ಪಾತ್ರೆ ಇಟ್ಟೆ. ವಾಸನೆ ಎದ್ದದ್ದೇ ನಮ್ಮ ಲೈಬ್ರರಿ ಟೀಚರ್ ನೆನಪಾದರು...

ಕಾರ್ಕಳದ ನಮ್ಮ ಶಾಲೆಯಲ್ಲಿ ಅವರದು ಕಾಯಂ ಕೆಲಸವಲ್ಲ. ಪ್ರತಿ ಜೂನಿನಲ್ಲಿ ಆದೇಶ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನಂಜೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಹುಳ ಹಿಡಿಯಬಾರದೆಂದು ಹರಿದ ಪುಸ್ತಕಗಳಿಗೆಲ್ಲ ಈ ಅಂಟನ್ನೇ ಹಚ್ಚುತ್ತಿದ್ದರು. ಶನಿವಾರದ ಕೊನೆಯ ಪೀರಿಯಡ್ ಅವರದು. ಓದುವುದು, ಅಷ್ಟೇ. ಪ್ರಶ್ನೆಯಿಲ್ಲ, ಅಂಕವಿಲ್ಲ. ಆ ಸರಣಿಯ ಮೊದಲೆರಡು ಭಾಗಗಳನ್ನು ನನ್ನ ಕೈಗಿಟ್ಟವರು ಅವರೇ. ಇಂಗ್ಲಿಷಿಗೆ ಹೆದರುತ್ತಿದ್ದ ನಾನು ಊಟ ಮರೆತು ಓದಿದ್ದೆ.

ಹತ್ತನೆಯ ತರಗತಿಯಲ್ಲಿ ಚರ್ಚಾ ಸ್ಪರ್ಧೆ ಬಂತು. ಶಾಲೆಯ ಲೈಬ್ರರಿಗೆ ಕಲ್ಪನೆಯ ಕಥೆಗಳು ಬೇಕೇ ಎನ್ನುವುದು ವಿಷಯ. ಯಾರು ಯಾವ ಪಕ್ಷವೆಂದು ತೀರ್ಪುಗಾರರು ಬರುವ ಮೊದಲೇ ಚೀಟಿ ಎತ್ತಿ ತೀರ್ಮಾನಿಸುವುದು ಕ್ರಮ. ನನಗೆ ಬಂದದ್ದು 'ಬೇಡ'. ಬಂದ ಪಕ್ಷಕ್ಕೆ ವಾದಿಸಬೇಕು, ಗೆಲ್ಲಬೇಕು, ನಂಬಬೇಕೆಂದೇನಿಲ್ಲ. ನಾನು ಟೀಚರ್ ಕೊಟ್ಟ ಪುಸ್ತಕವನ್ನೇ ವೇದಿಕೆಯಲ್ಲಿ ಎತ್ತಿ ಹಿಡಿದೆ. ಬೆಟ್ಟದಷ್ಟು ದೊಡ್ಡ ಪ್ರಾಣಿ ಬೆನ್ನೇರಿದ ಸವಾರ ಹೇಳಿದ್ದಕ್ಕೆಲ್ಲ ತಲೆಬಾಗುತ್ತದೆ, ಇದು ಮಕ್ಕಳಿಗೆ ಕಲಿಸುವುದು ಗುಲಾಮಗಿರಿಯನ್ನು ಎಂದೆ. ಚಪ್ಪಾಳೆಯೋ ಚಪ್ಪಾಳೆ. ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಶಾಲೆಯ ಸಂಚಾಲಕರು ಕಪ್ ಕೊಡುವಾಗ, ನನ್ನ ಮಾತು ಕಣ್ಣು ತೆರೆಸಿತು ಎಂದರು. ಎರಡು ವಾರದೊಳಗೆ ಶನಿವಾರದ ಪೀರಿಯಡ್ ಗಣಿತದ ಕೋಚಿಂಗಿಗೆ ಹೋಯಿತು. ಬರುವ ವರ್ಷ ಲೈಬ್ರರಿಗೆ ಪ್ರತ್ಯೇಕ ಜನ ಬೇಕಿಲ್ಲ ಎಂಬ ಸುದ್ದಿಯೂ ಬಂತು.

ಟೀಚರ್ ನನ್ನನ್ನು ಕರೆದರು. ಕೈಯಲ್ಲಿ ಅಂಟಿನ ಬ್ರಷ್ಷು.

"ಸಂಚಾಲಕರ ಹತ್ರ ಒಮ್ಮೆ ಹೇಳ್ತೀಯಾ ಮಗಾ, ಅದು ಚೀಟಿಯಲ್ಲಿ ಬಂದ ಪಕ್ಷ ಅಂತ? ನಾನು ಹೇಳಿದ್ರೆ ಕೆಲಸಕ್ಕೋಸ್ಕರ ಹೇಳಿದ ಹಾಗೆ ಆಗ್ತದೆ."

ಹೇಳಬಹುದಿತ್ತು. ಎರಡು ನಿಮಿಷದ ಕೆಲಸ. ಆದರೆ ಗೆದ್ದ ವಾದದಿಂದ ಹಿಂದೆ ಸರಿದರೆ ಕಪ್ ವಾಪಸು ಕೊಟ್ಟ ಹಾಗೆ ಅನಿಸಿತ್ತು ನನಗೆ.

"ನಾನು ಹೇಳಿದ್ದರಲ್ಲಿ ತಪ್ಪೆಂತ ಉಂಟು ಟೀಚರ್?" ಎಂದೆ.

ಅವರು ಮೂರನೆಯ ಭಾಗ ಓದಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ.

"ಓದು ಮಾರಾಯ್ತಿ," ಎಂದು ನಕ್ಕು ಬ್ರಷ್ಷು ಅದ್ದಿಕೊಂಡರು. ಮುಂದಿನ ಜೂನಿನಲ್ಲಿ ಅವರು ಬರಲಿಲ್ಲ.

ಈಗ ಓದಿದೆ. ಸರಣಿ ಮಹಾ ದೊಡ್ಡದೇನೂ ಅಲ್ಲ. ಗೆಲ್ಲುವವನು ಯಾರೆಂದು ಭವಿಷ್ಯವಾಣಿ ಮೊದಲೇ ಹೇಳಿಬಿಡುತ್ತದೆ. ಹೆಂಗಸರಿಗೆ ಗಾಯ ಕಟ್ಟುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಇದಕ್ಕೆಲ್ಲ ನನ್ನ ತಕರಾರು ಇವತ್ತಿಗೂ ಉಂಟು. ಆದರೆ ಮೂರನೆಯ ಭಾಗದಲ್ಲಿ, ಊರು ಸುಡು ಎಂದ ಸವಾರನನ್ನು ಡ್ರ್ಯಾಗನ್ ಬಯಲಲ್ಲಿ ಇಳಿಸಿ ತಾನೊಂದೇ ಹಾರಿಹೋಗುತ್ತದೆ. ನನ್ನ ವಾದ ಒಂದೇ ಪುಟದಲ್ಲಿ ಬಿದ್ದುಹೋಯಿತು. ಪೂರ್ತಿ ಓದದೆ ನಾನು ಮಾತಾಡಿದೆ. ತೀರ್ಪು ಕೊಟ್ಟವರು ಒಂದು ಪುಟವನ್ನೂ ಓದಿರಲಿಲ್ಲ. ಓದಿದ್ದ ಒಬ್ಬರು ಕೆಲಸ ಕಳೆದುಕೊಂಡರು.

ಅವರು ಕಾಪುವಿನ ಬಟ್ಟೆಯಂಗಡಿಯೊಂದರಲ್ಲಿದ್ದಾರೆ ಎಂದು ಹಳೆಯ ಸಹಪಾಠಿ ಹೇಳಿದಳು. ಮೊನ್ನೆ ಹೋದೆ. ಸೀರೆಯ ಫಾಲ್ ಮಾರುವ ಕೌಂಟರಿನಲ್ಲಿ ಕೂತಿದ್ದರು, ಕೂಡಲೇ ಗುರುತು ಹಿಡಿದರು. ಪುಸ್ತಕವನ್ನು ಮುಂದಿಟ್ಟು, ಅವತ್ತು ನಾನು ಹೇಳಿದ್ದು ತಪ್ಪು, ನನಗೇ ಅದರಲ್ಲಿ ನಂಬಿಕೆ ಇರಲಿಲ್ಲ ಎಂದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ಅವರ ಮುಖದ ನಗು ಹೋಯಿತು.

"ನಂಬಿಕೆ ಇರ್ಲಿಲ್ವಾ? ತಪ್ಪೆಂತ ಉಂಟು ಅಂತ ಕೇಳಿದ್ದಲ್ವಾ ನೀನು? ನಿನ್ನ ಅಭಿಪ್ರಾಯವೇ ಹಾಗೆ ಅಂತ ಎಣಿಸಿದೆ ನಾನು. ಕೆಲಸ ಉಳಿಸ್ಲಿಕ್ಕೆ ಅಭಿಪ್ರಾಯ ಬದಲಿಸು ಅಂತ ಮಕ್ಕಳ ಹತ್ರ ಹೇಳ್ಲಿಕ್ಕೆ ಆಗ್ತದಾ? ಅದಕ್ಕೇ ಮತ್ತೆ ಕೇಳ್ಲಿಲ್ಲ."

ಇಷ್ಟು ವರ್ಷ ಅವರು ನನ್ನ ಬಗ್ಗೆ ಮರ್ಯಾದೆ ಇಟ್ಟುಕೊಂಡಿದ್ದರು. ಅದನ್ನೂ ನಾನೇ ಹೋಗಿ ಕಳೆದುಬಂದೆ... ಪುಸ್ತಕ ಇಟ್ಟುಕೊಳ್ಳಿ ಟೀಚರ್ ಎಂದೆ. ಓದುವುದೆಲ್ಲ ಬಿಟ್ಟು ತುಂಬಾ ಕಾಲವಾಯಿತು ಎಂದು ಅದನ್ನು ನನ್ನ ಕಡೆಗೇ ಸರಿಸಿದರು. ಗಿರಾಕಿಯೊಬ್ಬರು ನೀಲಿ ಸೀರೆ ಚಾಚಿದರು. ಟೀಚರ್ ಬಣ್ಣ ಹೊಂದಿಸಲು ಎದ್ದರು.