ಟೇಬಲ್ ಪೂರ್ವಕ್ಕೆ ತಿರುಗಿದ ಮೇಲೆ

ಕಳೆದ ವಾರ ಹಿಂದೂಪುರದ ಒಂದು ಕೋಲ್ಡ್ ಸ್ಟೋರೇಜ್ ಆಫೀಸಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಮೊಣಕೈ ಪಕ್ಕದಲ್ಲೇ ಟೇಬಲ್ ಫೋನ್ ಇತ್ತು. ಅದೇ ಹೊತ್ತಿಗೆ, ಹಿಂದಿನ ಕಟ್ಟಡದಲ್ಲಿ, ಹುಣಸೆಹಣ್ಣಿನ ಚೇಂಬರಿನೊಳಗಿಂದ ನಾಗರಾಜು ಎಂಬ ಕೆಲಸಗಾರ ಆ ಫೋನಿಗೆ ಕರೆ ಮಾಡುತ್ತಿದ್ದ.

ಫೋನ್ ರಿಂಗ್ ಆಗಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅವಸರ ಮಾಡಲಾರೆ.

ಅಲ್ಲಿನ ದಪ್ಪ ಗೋಡೆಗಳೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಬಾಗಿಲು ಕಚ್ಚಿಕೊಂಡರೆ, ತಂಪು ಮಾಡುವ ಅಮೋನಿಯಾ ಗ್ಯಾಸ್ ಸೋರಿದರೆ ಹೇಳುವುದಕ್ಕೆಂದು ಪ್ರತಿ ಚೇಂಬರಿನಲ್ಲೂ ಒಂದು ಫೋನ್ ಇದೆ. ಆದರೆ ಫೋನ್, ಕಂಪ್ಯೂಟರ್, ಕ್ಯಾಮೆರಾ ಎಲ್ಲವೂ ಒಂದೇ ಸ್ವಿಚ್‌ಗೆ (ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ, ದೀಪದ ಸ್ವಿಚ್ಚಲ್ಲ) ಸೇರಿದ್ದರಿಂದ ಮಾತು ತುಂಡುತುಂಡಾಗುತ್ತಿತ್ತು.

ಮಾಲೀಕ ರಂಗಪ್ಪ ನನ್ನ ಹಳೆಯ ಸ್ನೇಹಿತ. ಆಫೀಸುಗಳಿಗೆ ನೆಟ್‌ವರ್ಕ್ ಹಾಕುವ ಶ್ರೀಲತಾ ಕಲ್ಯಾಣದುರ್ಗದಲ್ಲಿ ನಮ್ಮ ಪಕ್ಕದ ಬೀದಿಯವಳು. ನಾನೇ ಕರೆತಂದೆ. ಅವಳು ಒಂದೇ ಸ್ವಿಚ್‌ನೊಳಗೆ ಎರಡು ದಾರಿ ಮಾಡಿದಳು. ಮಾತಿಗೊಂದು, ಡೇಟಾಕ್ಕೊಂದು; ಒಂದೊಂದಕ್ಕೂ ಆಫೀಸಿನ ಗೋಡೆಯಲ್ಲಿ ಬೇರೆ ಬೇರೆ ಕೇಬಲ್ ಸಾಕೆಟ್.

"ಎಡಗೋಡೆ ಸಾಕೆಟ್ನಾಗೆ ಮಾತ್ರ ಫೋನ್ ನಡೀತದೆ ಸಾರ್. ಬಲಗಡೇದು ಬರೀ ಕಂಪ್ಯೂಟ್ರಿಗೆ. ಟೇಬಲ್ ಎತ್ತಿಡೋ ಹಂಗಿದ್ರೆ ನಂಗೊಂದು ಮಾತು ಹೇಳ್ರಿ."

"ಸರೇ ತಲ್ಲೀ," ಆಯ್ತು ತಾಯಿ ಎಂದು ರಂಗಪ್ಪ ತೆಲುಗಿನಲ್ಲೇ ಒಪ್ಪಿದ.

ಆಮೇಲೆ ವಾಸ್ತು ನೋಡುವ ಸಿದ್ಧಾಂತಿ ಬಂದರು. ಯಜಮಾನ ಪೂರ್ವಕ್ಕೆ ಮುಖ ಮಾಡಿ ಕೂರಬೇಕು ಎಂದರು. ಟೇಬಲ್ ಬಲಗೋಡೆಗೆ ಸರಿಯಿತು. ಕೇಬಲ್ ಎಡಗೋಡೆಗೆ ಎಟುಕಲಿಲ್ಲ. ರಂಗಪ್ಪ ಫೋನನ್ನು ಹತ್ತಿರದ ಸಾಕೆಟ್‌ಗೇ ಸಿಕ್ಕಿಸಿದ.

"ನೋಡ್ಲಾ, ಲೈಟು ಬಂತು," ಎಂದು ಆ ದಿನ ಕಾಫಿ ಕೊಡುತ್ತಾ ನನಗೂ ತೋರಿಸಿದ. "ಇಷ್ಟಕ್ಕೆ ಆಯಮ್ಮನ್ನ ಕಲ್ಯಾಣದುರ್ಗದಿಂದ ಕರೆಸ್ಬೇಕೇನ್ಲಾ?"

ಲೈಟು ಬಂದಿತ್ತು, ನಿಜ. (ಆ ಫೋನಿಗೆ ಕರೆಂಟು ಅದೇ ಕೇಬಲ್ಲಿನಲ್ಲಿ, ಯಾವ ಸಾಕೆಟ್‌ನಿಂದಲಾದರೂ ಬರುತ್ತದೆ. ಕರೆ ಬರುವುದಿಲ್ಲ.) ಒಂದು ಸಲ ಚೇಂಬರಿನಿಂದ ಫೋನ್ ಮಾಡಿ ನೋಡೋಣ ಎಂದು ಯಾರಿಗೂ ಹೊಳೆದಿರಲಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲೊಂದು ಕೆಂಪು ಗುಂಡಿ ಇದೆಯಲ್ಲ, ಅದನ್ನು ಯಾರಾದರೂ ಒತ್ತಿ ನೋಡಿದ್ದಾರೆಯೇ?

ಕಾಫಿ ಮುಗಿದಿರಲಿಲ್ಲ. ಹಮಾಲಿಯೊಬ್ಬ ಮೂಗಿಗೆ ಟವೆಲ್ ಒತ್ತಿಕೊಂಡು ಬಂದ. "ಗ್ಯಾಸ್ ವಾಸ್ನೆ ಸಾರ್. ಒಳಗೆ ಯಾರೋ ಬಾಗ್ಲು ಬಡೀತಾವ್ರೆ."

ವಾಲ್ವ್ ಮುಚ್ಚಿ, ಬಾಗಿಲು ಒಡೆದು ತೆಗೆದರು. ನಾಗರಾಜು ನೆಲದ ಮೇಲಿದ್ದ. ರಿಸೀವರ್ ಗೋಡೆಯಲ್ಲಿ ನೇತಾಡುತ್ತಿತ್ತು. ಗ್ಯಾಸ್ ತಗುಲಿದ ಅವನ ಕಣ್ಣುಗಳನ್ನು ನಾನು ವರ್ಣಿಸುವುದಿಲ್ಲ. ನೇಕಾರರ ಮನೆಯವನು. ಇಲ್ಲಿನ ಕೆಲಸ ಮುಗಿಸಿ ಮನೆಯಲ್ಲಿ ಮಗ್ಗಕ್ಕೆ ಕೂರುತ್ತಾನೆ. ಕಡಿದ ಎಳೆ ಹುಡುಕಿ ಗಂಟು ಹಾಕುವುದಕ್ಕೆ ಕಣ್ಣೇ ಬೇಕು. ಡಾಕ್ಟರು ಈಗಲೇ ಏನೂ ಹೇಳಲಾಗದು ಎನ್ನುತ್ತಾರೆ.

"ಎಲ್ಲಾ ಒಂದೇ ಆಗಿದ್ದಾಗ್ಲೇ ಚೆನ್ನಾಗಿತ್ತು ಕಣಪ್ಪ. ಆಯಮ್ಮ ಬೇರೆ ಮಾಡಿ ಕೆಡಿಸ್ಬುಟ್ಳು," ಎಂದ ರಂಗಪ್ಪ ಆಸ್ಪತ್ರೆಯ ಕಾರಿಡಾರಿನಲ್ಲಿ.

ಮರುದಿನ ಶ್ರೀಲತಾ ಬಂದಳು. ಏನನ್ನೂ ಮುಟ್ಟದೆ ಮೊದಲು ಅದೇ ಚೇಂಬರಿನಿಂದ ಆಫೀಸಿನ ನಂಬರ್ ಒತ್ತಿ, ರಿಸೀವರನ್ನು ನನ್ನ ಕಿವಿಗೆ ಹಿಡಿದಳು. ಒಂದು ಹೆಣ್ಣು ದನಿ, ಇಂಗ್ಲಿಷಿನಲ್ಲಿ, ತುಂಬಾ ವಿನಯದಿಂದ, ಈ ನಂಬರ್ ಸದ್ಯಕ್ಕೆ ಸಿಗುತ್ತಿಲ್ಲ ಎಂದಿತು. ರೆಕಾರ್ಡ್ ಮಾಡಿಟ್ಟ ದನಿ. ಮತ್ತೆ ಮತ್ತೆ ಅದನ್ನೇ ಹೇಳಿತು.

ಸಂಜೆ ನಾಗರಾಜುವನ್ನು ನೋಡಲು ಹೋದೆ. ಎರಡೂ ಕಣ್ಣಿಗೆ ಬ್ಯಾಂಡೇಜು. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡ.

"ಅಣ್ಣಾ, ಫೋನ್ ಎತ್ತಿದ್ರಲ್ಲ ಆ ಮೇಡಮ್ಮು, ಬಾಗ್ಲು ತೆಗೆಸಮ್ಮ ಅಂತ ಎಷ್ಟು ಸಲ ಹೇಳ್ದೆ ಗೊತ್ತಾ. ಆಯಮ್ಮ ನಿಮಗ್ಯಾರಿಗೂ ಹೇಳ್ಲೇ ಇಲ್ವಾ?"