ಬಾಯಿ ಬಾರದ ಸೂಪರ್‌ವೈಸರ್‌ಗಳ ಆಫೀಸಮ್ಮ

ಬೆಳಗಿನ ಐದೂವರೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ ಇಬ್ಬರು ಒಂದು ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತಿದ್ದಾರೆ. ಒಂದು ತುದಿಯಲ್ಲಿ ಮೂರು ತಿಂಗಳ ಹಿಂದಷ್ಟೇ ಸೂಪರ್‌ವೈಸರ್ ಆದ ಎತ್ತರದ ಆಳು. ಇನ್ನೊಂದರಲ್ಲಿ ಅವನ ಭುಜಕ್ಕೂ ಬಾರದ, ಐವತ್ತು ದಾಟಿದ ಹೆಂಗಸು.

"ನಿನಗೆ ಕೆಲಸ ಕಲಿಸಿದೋಳು ನಾನು. ನನಗೇ ಬುದ್ಧಿ ಹೇಳೋಕೆ ಬಂದ್ಯಾ?" ಎಂದು ಆಕೆ ಗದರುತ್ತಾರೆ.

"ಇಲ್ಲ ದೊಡ್ಡಕ್ಕ, ಹಾಗಲ್ಲ..." ಎಂದು ತಡವರಿಸಿದವನು ನಕ್ಕುಬಿಡುತ್ತಾನೆ. "ಮೇಡಂ, ನೀವು ಥೇಟ್ ಅವರ ಹಾಗೇ ಬೈತೀರ."

"ನಗಬೇಡ. ಮಡಚು. ಮತ್ತೆ ಮೊದಲಿಂದ ಹೇಳು."

ಹೀಗೆ ದೊಡ್ಡಕ್ಕನ ಪಾತ್ರ ಮಾಡಿ ಬೈಯುತ್ತಿರುವವರು ಲಾಂಡ್ರಿಯ ಮಾನವ ಸಂಪನ್ಮೂಲ ಅಧಿಕಾರಿ. ಬಾಗಿಲ ಫಲಕದಲ್ಲಿ ಹಾಗಿದೆ, ಎಲ್ಲರ ಬಾಯಲ್ಲಿ ಮಾತ್ರ ಆಫೀಸಮ್ಮ. ಎಚ್‌ಆರ್ ಎಂದರೆ ರಜೆ ಅರ್ಜಿ ನೋಡಿ ಮುಖ ಸಿಂಡರಿಸುವವರು ಎಂದುಕೊಂಡೇ ಇವರ ಬಗ್ಗೆ ಬರೆಯಲು ಬಂದ ನನಗೆ, ನಸುಕಿನಲ್ಲೇ ಬೆಡ್‌ಶೀಟ್ ಮಡಚುವ ಎಚ್‌ಆರ್ ಕಂಡಿದ್ದು ಇದೇ ಮೊದಲು.

ಇಲ್ಲಿಗೆ ದಿನಕ್ಕೆ ನಾಲ್ಕು ಸಾವಿರ ಬೆಡ್‌ಶೀಟ್ ಬರುತ್ತವೆ. ನೂರಹತ್ತು ಕೆಲಸಗಾರರು, ಒಂಬತ್ತು ಸೂಪರ್‌ವೈಸರ್‌ಗಳು. ಒಂಬತ್ತರಲ್ಲಿ ಏಳು ಮಂದಿ ಆ ಕುರ್ಚಿ ಬೇಕೆಂದು ಕೇಳಿದವರೇ ಅಲ್ಲ. ಇಸ್ತ್ರಿ ಚೆನ್ನಾಗಿ ಮಾಡುತ್ತಿದ್ದರು, ಬಡ್ತಿ ಬಂತು, ಇನ್ನು ಜನರನ್ನು ನೋಡಿಕೊಳ್ಳಬೇಕು. ಸುಕ್ಕು ಬಿಡಿಸಿದಷ್ಟು ಸಲೀಸೇ ಅದು? ಒಬ್ಬರು ಮೆಷಿನ್ ಹಿಂದೆ ಮರೆಯಾಗುತ್ತಾರೆ, ಇನ್ನೊಬ್ಬರು ಹೇಳಲಾರದೆ ಎಲ್ಲರ ಕೆಲಸವನ್ನೂ ತಾವೇ ಮೈಮೇಲೆ ಎಳೆದುಕೊಳ್ಳುತ್ತಾರೆ.

ಆಫೀಸಮ್ಮನೂ ಒಂದು ಕಾಲಕ್ಕೆ ಇದೇ ಪೈಕಿ. ಇಪ್ಪತ್ತು ವರ್ಷದ ಹಿಂದೆ ಹೊಲಿಗೆ ಕಾರ್ಖಾನೆಯೊಂದರಲ್ಲಿ ಅವರನ್ನು ಹದಿನಾಲ್ಕು ಜನರಿಗೆ ಮೇಲ್ವಿಚಾರಕಿ ಮಾಡಿದ್ದರಂತೆ. "ಅವರ ಮುಂದೆ ನಿಲ್ಲೋಕೇ ಹೆದರಿಕೆ. ಸ್ಟೋರ್ ರೂಮಿಗೆ ಹೋಗಿ ಗುಂಡಿ ಎಣಿಸ್ತಾ ಕೂತ್ಬಿಡ್ತಿದ್ದೆ. ನಾಲ್ಕು ಜನ ಒಳ್ಳೆ ಕೆಲಸಗಾರರು ಬೇಜಾರಾಗಿ ಬಿಟ್ಟು ಹೋದ್ರು. ಹೇಗೆ ಮಾತಾಡ್ಬೇಕು ಅಂತ ನನಗೆ ಹೇಳಿಕೊಡೋರೇ ಇರಲಿಲ್ಲ" ಎನ್ನುವಾಗ ಅವರ ದನಿ ಈಗಲೂ ಕುಗ್ಗುತ್ತದೆ.

ಸರಿ, ಬೆಡ್‌ಶೀಟ್ ಯಾಕೆ? "ಎದುರೆದುರು ಕುರ್ಚಿ ಹಾಕಿದ್ರೆ ವಿಚಾರಣೆ ಥರ ಆಗುತ್ತೆ. ಕೈಗೆ ಕೆಲಸ ಇದ್ರೆ ಬಾಯಿ ತಾನಾಗೇ ತೆರ್ಕೊಳ್ಳುತ್ತೆ. ಮನೆಯಲ್ಲಿ ಮಾತ್ರ ಇದು ನಡೆಯಲ್ಲ. ಬನ್ನಿ ಬೆಡ್‌ಶೀಟ್ ಮಡಚೋಣ ಅಂದ್ರೆ ಸಾಕು, ನಮ್ಮ ಯಜಮಾನ್ರು ಚಪ್ಪಲಿ ಮೆಟ್ಕೊಂಡು ಓಡ್ತಾರೆ!"

ಇವತ್ತಿನ ತಾಲೀಮು ತಮಾಷೆಯದಲ್ಲ. ದೊಡ್ಡಕ್ಕ ಎಂದರೆ ಕೊಳೆ ಬಟ್ಟೆ ವಿಂಗಡಿಸುವ ಹಿರಿಯ ಕೆಲಸಗಾರ್ತಿ. ಆಸ್ಪತ್ರೆಯ ಬಟ್ಟೆಯಲ್ಲಿ ಒಮ್ಮೊಮ್ಮೆ ಸೂಜಿ ಉಳಿದಿರುತ್ತದೆ, ಚುಚ್ಚಿದರೆ ಯಾವ ರೋಗ ಅಂಟುತ್ತದೋ ಹೇಳಲಾಗದು. ಆದರೂ ಮೂರು ವಾರದಿಂದ ಅವರು ದಪ್ಪ ಗ್ಲೌಸ್ ಹಾಕುತ್ತಿಲ್ಲ. ಕಳೆದ ವಾರ ಸೂಜಿಯೊಂದು ಬೆರಳಿಗೆ ತಾಗಿಯೂ ಚುಚ್ಚದೆ ಉಳಿದದ್ದೇ ಪುಣ್ಯ. ಗುರುವಿನಂಥವರಿಗೆ ಹೇಳುವುದು ಹೇಗೆಂದು ಸೂಪರ್‌ವೈಸರ್ ದಿನಾ ಒಂದು ಗಂಟೆ ಮುಂಚೆ ಬಂದು, ಅವರ ರಾಶಿಯನ್ನು ತಾನೇ ಜಾಲಾಡುತ್ತಿದ್ದ. ಸಾಕಾಗಿ ನಿನ್ನೆ ಆಫೀಸಮ್ಮನ ಮೇಜಿನ ಮೇಲೆ ಪತ್ರ ಇಟ್ಟ: ನನ್ನನ್ನು ಇಸ್ತ್ರಿಗೇ ವಾಪಸ್ ಹಾಕಿ.

"ಹಾಕಿಸ್ತೀನಪ್ಪಾ, ಆದ್ರೆ ದೊಡ್ಡಕ್ಕನ ಕೈ ಗತಿ ಏನು ಅಂದೆ. ಅಳೋ ಹಾಗಾದ" ಎನ್ನುತ್ತಾರೆ ಆಫೀಸಮ್ಮ. ನೀವೇ ಹೇಳಬಹುದಿತ್ತಲ್ಲ ಎಂದರೆ, "ನಾನು ಹೇಳಿದ್ರೆ ಒಂದು ದಿನ ಹಾಕ್ಕೋತಾರೆ. ದಿನಾ ಪಕ್ಕದಲ್ಲಿ ಇರೋನು ಅವನು."

ಆರು ಗಂಟೆ. ಅವನು ವಿಂಗಡಣೆ ಕೋಣೆಗೆ ಹೋಗುತ್ತಾನೆ. ನಾವಿಬ್ಬರೂ ಬಾಗಿಲ ಹೊರಗೆ ನಿಂತಿದ್ದೇವೆ.

"ದೊಡ್ಡಕ್ಕ, ನಿಮ್ಮ ಕೈ ನೋಡಿದ್ರೆ ನನಗೆ ಭಯ ಆಗುತ್ತೆ. ಗ್ಲೌಸ್ ಇಲ್ದೆ ಇಲ್ಲಿ ನಿಲ್ಲೋಕೆ ಬಿಡಲ್ಲ. ಯಾಕೆ ಹಾಕ್ಕೊಳ್ತಿಲ್ಲ, ಹೇಳಿ."

ದೊಡ್ಡಕ್ಕ ಗದರುವುದಿಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, "ಕಣ್ಣು ಮಂಜಾಗಿದೆ ಕಣೋ" ಎನ್ನುತ್ತಾರೆ. "ಸೂಜಿ ಕಾಣಿಸಲ್ಲ. ಬರಿಗೈಲಿ ತಡವಿದ್ರೇನೇ ಗೊತ್ತಾಗೋದು. ಹೇಳಿದ್ರೆ ಮನೆಗೆ ಕಳಿಸ್ತೀರ ಅಂತ..."

ಈ ಮಾತು ತಾಲೀಮಿನಲ್ಲಿ ಇರಲಿಲ್ಲ. ಆಫೀಸಮ್ಮ ಒಂದು ಹೆಜ್ಜೆ ಮುಂದಿಟ್ಟವರು ಚೌಕಟ್ಟು ಹಿಡಿದು ನಿಂತುಬಿಡುತ್ತಾರೆ.

"ಮನೆಗ್ಯಾಕೆ ಕಳಿಸ್ತೀವಿ?" ಎನ್ನುತ್ತಾನೆ ಸೂಪರ್‌ವೈಸರ್. "ಇವತ್ತಿಂದ ಒಗೆದ ಬಟ್ಟೆ ಮಡಚೋ ಕಡೆ ಬನ್ನಿ. ನಾಳೆ ಕಣ್ಣಿನ ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ಇದನ್ನ ಮೊದಲೇ ಕೇಳಬಾರದಿತ್ತೇನೋ?" ಎಂದು ದೊಡ್ಡಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹೊರಗೆ ಆಫೀಸಮ್ಮನ ಕಣ್ಣೂ ಒದ್ದೆಯಾಗಿದೆ. "ಸಂಬಳ ಅಷ್ಟೇ ಇರುತ್ತೆ, ಒಂದು ರೂಪಾಯಿ ಕಮ್ಮಿ ಆಗೋಕೆ ನಾನು ಬಿಡಲ್ಲ" ಎಂದು ನನಗೇ ಭರವಸೆ ಕೊಡುತ್ತಾರೆ.

ಒಳಗೆ ಸೂಪರ್‌ವೈಸರ್ ಉಳಿದವರತ್ತ ತಿರುಗಿದ್ದಾನೆ. "ಗ್ಲೌಸ್ ಹಾಕ್ಕೊಳ್ಳಿ, ಶುರು ಮಾಡೋಣ." ದನಿ ನಡುಗುತ್ತಿಲ್ಲ.

ಆಫೀಸಮ್ಮ ನನ್ನ ತೋಳು ತಿವಿದು ಪಿಸುಗುಡುತ್ತಾರೆ: "ನೋಡಿದ್ರಾ? ನಾನು ಇಲ್ಲೇ ಇದ್ದೀನಿ ಅಂತ ಗೊತ್ತಿದ್ರೂ ಒಂದು ಸಲವೂ ಈ ಕಡೆ ತಿರುಗಲಿಲ್ಲ!"